ಚಿಕ್ಕವರನ್ನು ಎಣಿಸಿದ ವೈದ್ಯನು

ಓದತಕ್ಕ ವೇದಭಾಗಗಳು: 1 ಸಮುವೇಲ 2:18–21, ಅರಣ್ಯಕಾಂಡ 3:14–16, ಮಾರ್ಕ 5:35–43



ಎಲ್ಕಾನನ ಹೆಂಡತಿಯಾದ ಹನ್ನಳು ತನ್ನ ಮಗನಾದ ಸಮುವೇಲನನ್ನು ಶೀಲೋವಿನ ದೇವಾಲಯದಲ್ಲಿ ಬಿಟ್ಟು ಊರಿಗೆ ಹಿಂದಿರುಗಿದ ಮೇಲೆ, ವರುಷ ವರುಷವೂ ಒಂದು ಚಿಕ್ಕ ನಿಲುವಂಗಿಯನ್ನು ಹೊಲಿದು ಅವನಿಗೆ ತಕ್ಕೊಂಡು ಹೋಗುತ್ತಿದ್ದಳೆಂದು ಸತ್ಯವೇದವು ತಿಳಿಸುತ್ತದೆ. ಎಷ್ಟೋ ಅರಸರ ಆಳಿಕೆಯನ್ನು ಒಂದೆರಡು ಮಾತುಗಳಲ್ಲಿ ಮುಗಿಸಿಬಿಡುವ ಆ ಪವಿತ್ರ ಗ್ರಂಥವು ಒಂದು ಮಗುವಿನ ಅಂಗಿಯ ಸಂಗತಿಯನ್ನು ಬಿಡದೆ ಬರೆದಿಟ್ಟಿದೆ. ಕಳೆದ ವರುಷದ ಅಂಗಿ ಈ ವರುಷ ಸಾಲದು. ಎಷ್ಟು ಬೆಳೆದಿರಬಹುದೆಂದು ಆ ತಾಯಿ ಮನಸ್ಸಿನಲ್ಲಿ ಲೆಕ್ಕ ಹಾಕಿ ಬಟ್ಟೆಯನ್ನು ಕತ್ತರಿಸಬೇಕಾಗಿತ್ತು. ಹನ್ನಳು ಮಗನನ್ನು ದೇವರಿಗೆ ಒಪ್ಪಿಸಿದ್ದಳು. ಆದರೂ ಒಪ್ಪಿಸಿಬಿಟ್ಟೆನಲ್ಲಾ, ಇನ್ನು ದೇವರೇ ನೋಡಿಕೊಳ್ಳಲಿ ಎಂದು ಅಳತೆಯನ್ನು ಮರೆತವಳಲ್ಲ. ದೇವರಿಗೆ ಒಪ್ಪಿಸುವದೂ ಅಳತೆ ಇಡುವದೂ ಒಂದೇ ತಾಯಿಯ ಹೃದಯದಲ್ಲಿ ಜಗಳವಿಲ್ಲದೆ ವಾಸಮಾಡಿದವು.

ನಮ್ಮ ಸಭೆಗಳ ಪೆಟ್ಟಿಗೆಯಲ್ಲಿ ಎರಡು ಪುಸ್ತಕಗಳಿರುತ್ತವೆ. ಒಂದು ದೀಕ್ಷಾಸ್ನಾನದ ಪುಸ್ತಕ, ಮತ್ತೊಂದು ಸಮಾಧಿಯ ಪುಸ್ತಕ. ಹಳೆಯ ಪುಟಗಳನ್ನು ತಿರುವಿ ನೋಡಿದರೆ, ಮೊದಲನೆಯದರಲ್ಲಿ ಬರೆದ ಹೆಸರು ಒಂದೆರಡು ವರುಷದೊಳಗೆ ಎರಡನೆಯದರಲ್ಲಿಯೂ ಬರುವದುಂಟು. ಈ ಎರಡು ದಿನಗಳ ನಡುವೆ ಆ ಕೂಸಿಗೆ ಏನಾಯಿತು? ಯಾವ ತಿಂಗಳಲ್ಲಿ ಅದು ಸೊರಗಲು ತೊಡಗಿತು? ಯಾರು ಕಂಡರು? ಇದನ್ನು ಹೇಳುವ ಮೂರನೆಯ ಪುಸ್ತಕವಿಲ್ಲ. ಆ ಮೂರನೆಯ ಪುಸ್ತಕವನ್ನು ಬರೆಯುವದಕ್ಕೆ ತನ್ನ ಆಯುಷ್ಯವನ್ನು ಕೊಟ್ಟ ಒಬ್ಬ ಮಿಶನ್ ವೈದ್ಯರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡಲು ಬಯಸುತ್ತೇನೆ. ಅವರ ಹೆಸರು ಡಾಕ್ಟರ್ ಡೇವಿಡ್ ಮೋರ್ಲಿ. ಇಂಗ್ಲೆಂಡಿನಲ್ಲಿ 1923ರಲ್ಲಿ ಹುಟ್ಟಿದ ಇವರು ಕೇಂಬ್ರಿಜಿನಲ್ಲಿಯೂ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿಯೂ ವೈದ್ಯವಿದ್ಯೆಯನ್ನು ಕಲಿತು, 1956ರಲ್ಲಿ ಪಶ್ಚಿಮ ಆಫ್ರಿಕದ ನೈಜೀರಿಯ ದೇಶಕ್ಕೆ ಹೋಗಿ, ಇಲೇಶಾ ಪಟ್ಟಣದ ವೆಸ್ಲಿ ಗಿಲ್ಡ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಅದು ಮೆಥಡಿಸ್ಟ್ ಸಭೆಯವರ ಆಸ್ಪತ್ರೆ. ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದ ವೆಸ್ಲಿಯನ್ ಮಿಶನ್ನಿನವರೂ ಇದೇ ಬಳಗದವರೆಂಬದನ್ನು ನಮ್ಮಲ್ಲಿ ಹಲವರು ಬಲ್ಲರು.

ಇವರ ವಿದ್ಯೆಯ ವಿಷಯವಾಗಿ ಒಂದು ಮಾತು ಹೇಳಬೇಕು. ಹಾಸಿಗೆಯ ಬಳಿ ನಿಂತು ಒಬ್ಬ ರೋಗಿಯನ್ನು ನೋಡುವ ವೈದ್ಯರನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಒಂದು ಊರಿನ ಸಕಲ ಜನರನ್ನು ಎಣಿಸಿ, ಯಾರಿಗೆ ರೋಗ ಬಂತು, ಯಾರಿಗೆ ಬರಲಿಲ್ಲ, ಯಾವ ವಯಸ್ಸಿನಲ್ಲಿ, ಯಾವ ಕಾಲದಲ್ಲಿ, ಯಾವ ಮನೆಗಳಲ್ಲಿ ಎಂದು ಬರೆದುಕೊಂಡು, ಆ ಬರಹದಿಂದ ರೋಗದ ಕಾರಣವನ್ನು ಹುಡುಕುವ ಬೇರೊಂದು ವಿದ್ಯೆ ಉಂಟು. ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಸರ್ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರೂ ಅವರ ಜೊತೆಗಾರರೂ 1947ನೆಯ ಇಸವಿಯ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹುಟ್ಟಿದ 1,142 ಕೂಸುಗಳನ್ನು, ಆಸ್ಪತ್ರೆಗೆ ಬಂದರೂ ಬಾರದಿದ್ದರೂ, ಮನೆ ಮನೆಗೆ ಹೋಗಿ ನೋಡುತ್ತಾ ಬಂದರು. ಆ ಕೆಲಸದ ಮೇಲ್ಪಂಕ್ತಿಯನ್ನು ಡಾಕ್ಟರ್ ಮೋರ್ಲಿಯವರು ತಮ್ಮೊಂದಿಗೆ ಆಫ್ರಿಕಕ್ಕೆ ಒಯ್ದರು.

ಇಲೇಶಾದಲ್ಲಿ ಅವರು ಕಂಡದ್ದೇನು? ಹೊರರೋಗಿಗಳ ಅಂಗಳದಲ್ಲಿ ದಿನಾಲೂ ಕೂಸುಗಳನ್ನು ಹೊತ್ತ ತಾಯಂದಿರು ನೂರಾರು ಮಂದಿ. ಔಷಧ ಕೊಟ್ಟು ಕಳುಹಿಸಿದ ಮಗುವೇ ಕೆಲವು ವಾರಗಳಲ್ಲಿ ಮತ್ತೊಂದು ರೋಗದಿಂದ ಬರುವದು. ಮೂರನೆಯ ಸಲ ಬರುವಷ್ಟರಲ್ಲಿ ಕಾಲ ಮೀರಿರುವದು. ಹಾಸಿಗೆಗಳನ್ನು ಹೆಚ್ಚಿಸಿದರೆ ಇದು ತೀರುವದೇ? ಬಾವಿಯ ಸುತ್ತ ಕಟ್ಟೆ ಕಟ್ಟದೆ, ಬಿದ್ದವರನ್ನು ಎತ್ತುವದಕ್ಕೆ ಹಗ್ಗಗಳನ್ನು ಮಾತ್ರ ಹೆಚ್ಚಿಸಿದಂತಾಗುವದಲ್ಲವೇ? ಆದದರಿಂದ ಅವರು ಆಸ್ಪತ್ರೆಯ ಬಾಗಿಲಲ್ಲಿ ಕಾದಿರದೆ, ಇಮೇಸಿ ಎಂಬ ಯೊರುಬಾ ಜನರ ಹಳ್ಳಿಯನ್ನು ಆರಿಸಿಕೊಂಡು, ಅಲ್ಲಿ ಹುಟ್ಟಿದ ಕೂಸುಗಳನ್ನು ಹುಟ್ಟಿದಂದಿನಿಂದ ಐದು ವರುಷದ ತನಕ ಹಿಂಬಾಲಿಸಿ ನೋಡಲು ನಿಶ್ಚಯಿಸಿದರು. ಮಾರ್ಗರೆಟ್ ವುಡ್‌ಲ್ಯಾಂಡ್ ಎಂಬ ದಾದಿಯವರು ಈ ಕೆಲಸದಲ್ಲಿ ಅವರ ಬಲಗೈಯಾಗಿದ್ದರು. ಇಂಥ ಚರಿತ್ರೆಗಳಲ್ಲಿ ವೈದ್ಯರ ಹೆಸರು ಮಾತ್ರ ಉಳಿದು ದಾದಿಯ ಹೆಸರು ಅಳಿದುಹೋಗುವದು ರೂಢಿ. ಆದರೆ ಡಾಕ್ಟರ್ ಮೋರ್ಲಿಯವರು ಮಕ್ಕಳ ಬೆಳವಣಿಗೆಯ ವಿಷಯವಾಗಿ 1979ರಲ್ಲಿ ಹೊರಡಿಸಿದ ಗ್ರಂಥದ ಮೇಲೆ ತಮ್ಮ ಹೆಸರಿನ ಪಕ್ಕದಲ್ಲಿ ಈ ದಾದಿಯ ಹೆಸರನ್ನೂ ಹಾಕಿಸಿದರು.

ಇಮೇಸಿಯಲ್ಲಿ ಹುಟ್ಟಿದ್ದೇ ಆ ಮೂರನೆಯ ಪುಸ್ತಕವು. ಅದು ಪುಸ್ತಕವೂ ಅಲ್ಲ, ಒಂದು ದಪ್ಪ ಕಾಗದದ ಪಟ್ಟಿ. ಅಡ್ಡಲಾಗಿ ಮಗುವಿನ ತಿಂಗಳುಗಳು, ಉದ್ದಕ್ಕೆ ತೂಕ. ತಿಂಗಳಿಗೊಮ್ಮೆ ಮಗುವನ್ನು ತೂಗಿ ಒಂದು ಚುಕ್ಕೆ ಇಡುವರು. ಚುಕ್ಕೆಗಳನ್ನು ಕೂಡಿಸಿದರೆ ಗೆರೆಯಾಗುವದು. ಪಟ್ಟಿಯ ಮೇಲೆ ಮೊದಲೇ ಎರಡು ಬಾಗಿದ ಗೆರೆಗಳನ್ನು ಅಚ್ಚುಹಾಕಿರುವರು. ಆರೋಗ್ಯವುಳ್ಳ ಮಕ್ಕಳು ಸಾಮಾನ್ಯವಾಗಿ ಈ ಎರಡರ ನಡುವೆ ಬೆಳೆಯುತ್ತಾರೆ. ಇದಕ್ಕೆ ಆರೋಗ್ಯದ ದಾರಿ ಎಂದು ಹೆಸರಿಟ್ಟರು. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಮಗು ದಾರಿಯಲ್ಲಿದೆ. ಗೆರೆ ಚಪ್ಪಟೆಯಾದರೆ ನಿಂತು ವಿಚಾರಿಸಬೇಕು. ಇಳಿದರೆ ಓಡಿಹೋಗಿ ವಿಚಾರಿಸಬೇಕು. ಒಂದು ದಿನದ ತೂಕವು ಎಷ್ಟೆಂಬದಕ್ಕಿಂತ ಗೆರೆಯು ಯಾವ ಕಡೆಗೆ ನಡೆಯುತ್ತದೆಂಬದೇ ಮುಖ್ಯವೆಂದು ಅವರು ಕಲಿಸಿದರು. ಸ್ವಭಾವದಿಂದ ಸಣ್ಣಗಿರುವ ಮಗುವಿನ ಗೆರೆಯು ಕೆಳಗಿದ್ದರೂ ಏರುತ್ತಾ ಹೋದರೆ ಭಯವಿಲ್ಲ. ಗುಂಡಗಿರುವ ಮಗುವಿನ ಗೆರೆಯು ಮೇಲಿದ್ದರೂ ಇಳಿಯುತ್ತಿದ್ದರೆ ಅಪಾಯವುಂಟು. ಕಣ್ಣಿಗೆ ಇದು ಕಾಣುವದಿಲ್ಲ. ದಿನಾಲೂ ನೋಡುವ ತಾಯಿಯ ಕಣ್ಣಿಗಂತೂ ಬಹು ತಡವಾಗಿ ಕಾಣುವದು.

ಮತ್ತೊಂದು ಸಂಗತಿಯು ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚಿಗೆಯಾಯಿತು. ಆಸ್ಪತ್ರೆಯವರು ಈ ಪಟ್ಟಿಯನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಲಿಲ್ಲ. ಅದನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಯಿಯ ಕೈಗೆ ಕೊಟ್ಟರು. ಓದು ಬಾರದ ಹೆಂಗಸರು ಕಳೆದುಬಿಡುವರೆಂದು ಬಲ್ಲವರೆನಿಸಿಕೊಂಡವರು ನಕ್ಕಿದ್ದರೂ ಆಶ್ಚರ್ಯವಿಲ್ಲ. ಆದರೆ ಕಪಾಟುಗಳಲ್ಲಿ ಕಾಗದಗಳು ಕಳೆದುಹೋಗುವದಕ್ಕಿಂತ ತಾಯಂದಿರ ಕೈಯಲ್ಲಿ ಕಳೆದದ್ದು ಕಡಿಮೆಯೆಂದು ಡಾಕ್ಟರ್ ಮೋರ್ಲಿಯವರು ಕಂಡರು. ಅಕ್ಷರ ಬಾರದವಳಿಗೂ ಗೆರೆ ಏರುವದೂ ಇಳಿಯುವದೂ ತಿಳಿಯದೇ?

ಇಲ್ಲಿ ನಮ್ಮ ಸಭೆಯ ಒಳ್ಳೇ ವೇದಪಾಠಕರೊಬ್ಬರು ಎದ್ದು ಕೇಳಬಹುದು: ದಾವೀದನು ಜನರನ್ನು ಎಣಿಸಿದ್ದಕ್ಕೆ ಇಸ್ರಾಯೇಲಿನ ಮೇಲೆ ವ್ಯಾಧಿ ಬರಲಿಲ್ಲವೇ? ಎಣಿಸುವದು ಪಾಪವಲ್ಲವೇ? ಕೇಳತಕ್ಕ ಪ್ರಶ್ನೆಯೇ ಸರಿ. ಎರಡನೆಯ ಸಮುವೇಲನ ಪುಸ್ತಕದ ಕಡೇ ಅಧ್ಯಾಯವನ್ನು ಓದಿರಿ. ದಾವೀದನು ಎಣಿಸಿದ್ದು ಯಾರನ್ನು? ಕತ್ತಿ ಹಿಡಿಯಬಲ್ಲ ಗಂಡಸರನ್ನು. ತನ್ನ ಬಲವೆಷ್ಟೆಂದು ನೋಡಿ ಹಿಗ್ಗುವದಕ್ಕೆ ಎಣಿಸಿದನು. ಆದರೆ ಅರಣ್ಯಕಾಂಡದ ಮೂರನೆಯ ಅಧ್ಯಾಯದಲ್ಲಿ ಕರ್ತನು ತಾನೇ ಮೋಶೆಗೆ ಅಪ್ಪಣೆಕೊಟ್ಟು ಲೇವಿಯರನ್ನು ಎಣಿಸಹೇಳುವಾಗ ಎಲ್ಲಿಂದ ಮೊದಲುಮಾಡಲು ಹೇಳುತ್ತಾನೆ? ಒಂದು ತಿಂಗಳಿನ ಕೂಸಿನಿಂದ! ಒಂದು ತಿಂಗಳಿನ ಕೂಸು ಯಾವ ದಂಡಿಗೆ ಪ್ರಯೋಜನವಾದೀತು? ಅರಸನಿಗೆ ಲೆಕ್ಕಕ್ಕೆ ಬಾರದ್ದು ದೇವರ ಲೆಕ್ಕದಲ್ಲಿ ಮೊದಲು ಬಂತು. ಚಮಚವನ್ನು ಕೂಡ ಹಿಡಿಯಲಾರದವರನ್ನು ಇಮೇಸಿಯಲ್ಲಿ ಎಣಿಸಿದ ಈ ಇನ್ನೊಬ್ಬ ದಾವೀದನು ಆ ಅಪ್ಪಣೆಯ ದಾರಿಯಲ್ಲಿಯೇ ನಡೆದನೆಂದು ನಾನು ಹೇಳುವೆನು. ಆ ಕಾಲದ ಲೆಕ್ಕದಲ್ಲಿ ಗಂಡುಕೂಸುಗಳು ಮಾತ್ರ ಸೇರಿದ್ದವು, ನಿಜ. ಆದರೆ ನಮ್ಮ ಕರ್ತನು ಯಾಯೀರನ ಮನೆಗೆ ಹೋಗಿ ಕೈಹಿಡಿದು ಎಬ್ಬಿಸಿದ್ದು ಹನ್ನೆರಡು ವರುಷದ ಹೆಣ್ಣುಮಗಳನ್ನು. ತಕ್ಕಡಿಯಲ್ಲಿ ಗಂಡುಮಗುವನ್ನು ಕೂರಿಸಿ ಹೆಣ್ಣುಮಗುವನ್ನು ಮನೆಯಲ್ಲಿ ಬಿಟ್ಟು ಬರುವವರು ಇದನ್ನು ಗಮನಿಸಲಿ.

ಇನ್ನು ಕೆಲವರು ಪ್ರಶ್ನೆ ಕೇಳುವದಿಲ್ಲ, ಸುಮ್ಮನೆ ಹೆದರುತ್ತಾರೆ. ಮಗುವನ್ನು ತೂಗಿದರೆ, ಚೆನ್ನಾಗಿ ಬೆಳೆದಿದೆ ಎಂದು ನಾಲ್ಕು ಜನರ ಮುಂದೆ ಹೇಳಿದರೆ, ದೃಷ್ಟಿ ತಾಕುವದೆಂದು ಅವರ ಭಯ. ಮಗುವಿನ ಕೆನ್ನೆಯ ಮೇಲಿನ ಕಪ್ಪು ಬೊಟ್ಟನ್ನು ಅಳಿಸಿ ದೀಕ್ಷಾಸ್ನಾನಕ್ಕೆ ತಂದವರೇ ತಕ್ಕಡಿಯ ಮುಂದೆ ನಡುಗುವದಾದರೆ, ಬೊಟ್ಟು ಕೆನ್ನೆಯಿಂದ ಹೋಯಿತು, ಹೃದಯದಿಂದ ಹೋಗಲಿಲ್ಲ ಎನ್ನಬೇಕು. ನಮ್ಮ ತಲೆಗೂದಲುಗಳೂ ಎಣಿಕೆಯಾಗಿವೆ ಎಂದು ರಕ್ಷಕನು ಹೇಳಿದನಲ್ಲಾ. ನಮ್ಮ ಕೂದಲನ್ನು ಎಣಿಸುವ ತಂದೆಯ ಮಕ್ಕಳು ತೂಕದ ಕಲ್ಲಿಗೆ ಹೆದರುವದುಂಟೇ?

ಈಗ ದಡಾರದ ಸಂಗತಿಗೆ ಬರುತ್ತೇನೆ. ಇದನ್ನು ಹೇಳದೆ ಬಿಟ್ಟರೆ ಈ ಪ್ರಸಂಗವನ್ನು ಬರೆದು ಪ್ರಯೋಜನವಿಲ್ಲ. ಇಂಗ್ಲೆಂಡಿನಲ್ಲಿ ಆ ದಿನಗಳಲ್ಲಿ ದಡಾರವೆಂದರೆ ಬಂದು ಹೋಗುವ ಒಂದು ಮಕ್ಕಳ ಬೇನೆ. ಆದರೆ ಇಲೇಶಾದಲ್ಲಿಯೂ ಇಮೇಸಿಯಲ್ಲಿಯೂ ಅದು ಮಕ್ಕಳನ್ನು ಕೊಲ್ಲುವ ರೋಗವಾಗಿತ್ತು. ಡಾಕ್ಟರ್ ಮೋರ್ಲಿಯವರೂ ಅವರ ಜೊತೆಗಾರರೂ 1963ರಲ್ಲಿ ಇದನ್ನು ಕುರಿತು ವಿಸ್ತಾರವಾಗಿ ಬರೆದರು. ತೂಕದ ಪಟ್ಟಿಗಳು ಇಲ್ಲಿ ಸಾಕ್ಷಿ ಹೇಳಿದವು. ದಡಾರ ಬಂದ ತಿಂಗಳಲ್ಲಿ ಗೆರೆಯು ಕಡಿದು ಬಿದ್ದಂತೆ ಇಳಿಯುವದು; ಗುಳ್ಳೆಗಳು ಮಾಯವಾದ ಮೇಲೆಯೂ ಅನೇಕ ವಾರಗಳ ತನಕ ಮೇಲಕ್ಕೆ ಏರದು. ಬಾಯಿ ಹುಣ್ಣಾದ ಮಗು ಉಣ್ಣದು. ಉಣ್ಣದ ಮಗುವಿಗೆ ಭೇದಿ ಹತ್ತುವದು. ಹೀಗೆ ಕ್ಷೀಣಿಸಿದ್ದಕ್ಕೆ ಎದೆಯ ಬೇನೆ ಬರುವದು. ಮಗುವು ಸತ್ತದ್ದು ಎದೆಯ ಬೇನೆಯಿಂದ ಎಂದು ಬರೆದುಕೊಳ್ಳುವರು. ನಿಜವಾಗಿ ಅದರ ಸಾವು ದಡಾರದ ದಿನವೇ ಹೊಸ್ತಿಲು ದಾಟಿತ್ತು. ಅಮೇರಿಕದ ವಿದ್ವಾಂಸರು ದಡಾರಕ್ಕೆ ಹೊಸದಾಗಿ ಸಿದ್ಧಪಡಿಸಿದ ಲಸಿಕೆಯನ್ನು, ಅದು ಎಲ್ಲಾ ಕಡೆ ಬಳಕೆಗೆ ಬರುವದಕ್ಕೆ ಮುಂಚೆಯೇ, ನೈಜೀರಿಯದ ಮಕ್ಕಳಲ್ಲಿ ಪರೀಕ್ಷಿಸಿ ನೋಡುವ ಕೆಲಸದಲ್ಲಿಯೂ ಡಾಕ್ಟರ್ ಮೋರ್ಲಿಯವರು ಪಾಲುಗಾರರಾದರು. ದಡಾರವು ಬಡ ದೇಶಗಳಲ್ಲಿ ಸಣ್ಣ ಬೇನೆಯಲ್ಲವೆಂದು ಲೋಕವು ಒಪ್ಪಿಕೊಳ್ಳುವಂತೆ ಮಾಡಿದವರಲ್ಲಿ ಇವರು ಮುಂದಿನ ಸಾಲಿನವರು.

ನಮ್ಮ ಹಳ್ಳಿಗಳಲ್ಲಿ ದಡಾರಕ್ಕೆ ಏನೆಂದು ಹೆಸರಿಡುತ್ತಾರೆ? ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ನಾವು ಮಾರಿಯ ಗುಡಿಯನ್ನು ಬಿಟ್ಟವರು, ಹರಕೆಯ ಕುರಿಯನ್ನು ಬಿಟ್ಟವರು. ಆದರೂ ಮಗುವಿನ ಮೈಮೇಲೆ ಗುಳ್ಳೆ ಕಂಡ ಕೂಡಲೇ ಒಗ್ಗರಣೆ ಹಾಕಬಾರದು, ಔಷಧ ಕೊಡಬಾರದು, ಹಾಲು ಮೊಟ್ಟೆ ಕೊಡಬಾರದು, ಬರೀ ಗಂಜಿ ನೀರು ಸಾಕು ಎಂದು ಅಜ್ಜಿಯು ಹೇಳಿದರೆ ಕ್ರೈಸ್ತರ ಮನೆಯಲ್ಲಿಯೂ ಅದು ನಡೆಯುವದುಂಟು. ಪ್ರಿಯರೇ, ಯಾರಿಗೆ ಅಡ್ಡಬೀಳುವದನ್ನು ನಿಲ್ಲಿಸಿದ್ದೇವೋ ಅವಳ ನೇಮವನ್ನು ಹಸಿದ ಕೂಸಿನ ಹೊಟ್ಟೆಯ ಮೇಲೆ ಯಾಕೆ ಹೊರಿಸುತ್ತೀರಿ? ಅಜ್ಜಿಯಂದಿರನ್ನು ಹೀನೈಸಿ ಈ ಮಾತನ್ನು ಹೇಳುತ್ತಿಲ್ಲ. ಅವರು ಪ್ರೀತಿಯಿಂದಲೇ ಹಾಗೆ ಹೇಳುತ್ತಾರೆ. ಆದರೆ ಪ್ರೀತಿಗೆ ತಿಳಿವಳಿಕೆ ಬೇಕು. ಯಾಯೀರನ ಮಗಳನ್ನು ಮರಣದಿಂದ ಎಬ್ಬಿಸಿದ ಕೂಡಲೇ ನಮ್ಮ ಕರ್ತನು ಏನು ಅಪ್ಪಣೆಕೊಟ್ಟನೆಂದು ಮಾರ್ಕನ ಐದನೆಯ ಅಧ್ಯಾಯದ ಕಡೇ ವಚನದಲ್ಲಿ ನೋಡಿರಿ. ಆಕೆಗೆ ತಿನ್ನಲು ಏನಾದರೂ ಕೊಡಿರಿ ಎಂಬದೇ ಆತನ ಅಪ್ಪಣೆಯಾಗಿತ್ತು. ಸತ್ತವಳನ್ನು ಎಬ್ಬಿಸಬಲ್ಲವನಿಗೆ ಅವಳ ಹಸಿವನ್ನು ಅದ್ಭುತದಿಂದ ತಣಿಸುವದು ಕಷ್ಟವಾಗಿತ್ತೇ? ಎಬ್ಬಿಸುವದು ಆತನ ಕೆಲಸ. ಉಣಿಸುವದನ್ನು ತಾಯಿಯ ಕೆಲಸವಾಗಿ ಬಿಟ್ಟನು. ಬೇನೆಯ ಮಗುವಿಗೆ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಉಣಿಸಿರಿ. ಬೇನೆ ಬಿಟ್ಟ ಮೇಲೆ ಕೆಲವು ವಾರಗಳ ತನಕ ಮೊದಲಿಗಿಂತ ಹೆಚ್ಚಾಗಿ ಉಣಿಸಿರಿ. ದಡಾರದ ಲಸಿಕೆಯನ್ನು ಈಗ ನಮ್ಮ ದೇಶದಲ್ಲಿ ಸರಕಾರದವರು ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು ಸಲ, ಒಂದೂವರೆ ವರುಷದ ಸುಮಾರಿಗೆ ಮತ್ತೊಂದು ಸಲ, ಹಣವಿಲ್ಲದೆ ಹಾಕುತ್ತಾರೆ.

ಭೇದಿಯ ವಿಷಯವೂ ಹೀಗೆಯೇ. ಭೇದಿಯಾಗುವಾಗ ನೀರು ಕೊಟ್ಟರೆ ಇನ್ನೂ ಹೋಗುವದೆಂದು ನೀರನ್ನು ನಿಲ್ಲಿಸುತ್ತಾರೆ. ಬೇರ್ಷೆಬದ ಅರಣ್ಯದಲ್ಲಿ ಹಾಗರಳು ಮಗನನ್ನು ಪೊದೆಯ ಕೆಳಗೆ ಮಲಗಿಸಿ ದೂರ ಹೋಗಿ ಕೂತು ಅತ್ತಾಗ, ದೇವರು ಅವಳ ಕಣ್ಣು ತೆರೆದು ತೋರಿಸಿದ್ದು ನೀರಿನ ಬಾವಿಯನ್ನು. ಡಾಕ್ಟರ್ ಮೋರ್ಲಿಯವರು ಎರಡು ತುದಿಗಳುಳ್ಳ ಒಂದು ಪ್ಲಾಸ್ಟಿಕ್ ಚಮಚವನ್ನು ಬಳಕೆಗೆ ತಂದರು. ಒಂದು ತುದಿ ಚಿಕ್ಕದು, ಉಪ್ಪಿಗೆ. ಮತ್ತೊಂದು ದೊಡ್ಡದು, ಸಕ್ಕರೆಗೆ. ಎರಡನ್ನೂ ಅಳೆದು ಶುದ್ಧ ನೀರಿನಲ್ಲಿ ಕಲಸಿ ಕುಡಿಸಿದರೆ ಒಣಗಿಹೋಗುವ ಮಗುವಿನ ಮೈಯಲ್ಲಿ ನೀರು ನಿಲ್ಲುವದು. ಅಂಥ ಪುಡಿಯ ಪೊಟ್ಟಣಗಳು ಈಗ ಆರೋಗ್ಯ ಕೇಂದ್ರಗಳಲ್ಲಿ ಸಿಕ್ಕುತ್ತವೆ. ಹಾಗರಳಿಗೆ ಬಾವಿ ಹತ್ತಿರವೇ ಇತ್ತು. ಕಣ್ಣು ಮಾತ್ರ ತೆರೆಯಬೇಕಾಗಿತ್ತು.

ಎಲ್ಲಾ ದೇವರ ಚಿತ್ತ ಎಂಬ ಮಾತನ್ನು ನಾವು ಸಮಾಧಿಯ ಬಳಿ ಎಷ್ಟು ಬೇಗ ಹೇಳುತ್ತೇವೆ! ಆ ಮಾತು ಸತ್ಯವೂ ಪರಿಶುದ್ಧವೂ ಆದದ್ದು; ಆದದರಿಂದಲೇ ಅದನ್ನು ನಮ್ಮ ಆಲಸ್ಯಕ್ಕೆ ಹೊದಿಕೆಯಾಗಿ ಮಾಡಬಾರದು. ದಾವೀದನು ತನ್ನ ಕೂಸು ಬದುಕಿರುವ ತನಕ ಉಪವಾಸವಿದ್ದು ನೆಲದ ಮೇಲೆ ಬಿದ್ದು ಅತ್ತನು. ಅದು ಸತ್ತ ಮೇಲೆ ಎದ್ದು ಊಟಮಾಡಿದನು. ನಾವೋ ಕೂಸು ಬದುಕಿರುವಾಗ ಸುಮ್ಮನಿದ್ದು ಸತ್ತ ಮೇಲೆ ನೆಲಕ್ಕೆ ಬೀಳುತ್ತೇವೆ. ಇದನ್ನು ಓದುವವರಲ್ಲಿ ಮಗುವನ್ನು ಕಳಕೊಂಡ ತಾಯಂದಿರು ಇದ್ದಾರೆಂದು ಬಲ್ಲೆನು. ಅವರ ಗಾಯದ ಮೇಲೆ ಕಲ್ಲು ಹಾಕುವದಕ್ಕೆ ಇದನ್ನು ಬರೆಯಲಿಲ್ಲ. ನಿಮ್ಮ ಕೂಸು ಕರ್ತನ ತೋಳಿನಲ್ಲಿದೆ. ಆತನು ನಿಮ್ಮನ್ನು ಲೆಕ್ಕ ಕೇಳುವವನಲ್ಲ, ಕಣ್ಣೀರನ್ನು ಒರಸುವವನು. ಆದರೆ ನಿಮ್ಮ ಪಕ್ಕದ ಮನೆಯ ತೊಟ್ಟಿಲಿನಲ್ಲಿರುವ ಕೂಸಿನ ನಿಮಿತ್ತ ಈ ಮಾತನ್ನು ಹೇಳದೆ ಇರಲಾರೆನು.

ಕಾಗದದ ಪಟ್ಟಿಯೊಂದೇ ರಕ್ಷಿಸುವದೆಂದು ಯಾರೂ ತಿಳಿಯಬಾರದು. ಈ ಪಟ್ಟಿಯು ಅನೇಕ ದೇಶಗಳಿಗೆ ಹಬ್ಬಿ, 1982ರಿಂದ ಯೂನಿಸೆಫ್ ಸಂಸ್ಥೆಯವರು ಸಾರಿದ ಮುಖ್ಯ ಉಪಾಯಗಳಲ್ಲಿ ಒಂದಾದ ಮೇಲೆ, ಎಷ್ಟೋ ಕಡೆ ತೂಗುವದು ಒಂದು ಶಾಸ್ತ್ರವಾಗಿಬಿಟ್ಟಿತು. ಮಗುವನ್ನು ತೂಗಿದರು, ಚುಕ್ಕೆ ಇಟ್ಟರು, ಕಳುಹಿಸಿದರು. ಗೆರೆ ಇಳಿದದ್ದನ್ನು ಕಂಡರೂ ತಾಯಿಯೊಂದಿಗೆ ಒಂದು ಮಾತು ಆಡಲಿಲ್ಲ. ಬರೀ ತೂಗುವದರಿಂದ ಮಕ್ಕಳ ಮರಣ ಕಡಿಮೆಯಾಗುವದೋ ಎಂದು ವಿದ್ವಾಂಸರೇ ಸಂದೇಹಪಟ್ಟದ್ದು ಇದರಿಂದಲೇ. ಅವರ ಸಂದೇಹ ನ್ಯಾಯವಾದದ್ದೆಂದು ನನಗೆ ತೋರುತ್ತದೆ. ಯಾಜಕನಾದ ಏಲಿಗೆ ತನ್ನ ಮಕ್ಕಳ ಸಂಗತಿ ತಿಳಿಯದೆ ಇರಲಿಲ್ಲ, ತಿಳಿದೂ ತಡೆಯಲಿಲ್ಲ. ಹನ್ನಳು ಅಳತೆಯನ್ನು ತಿಳಿದು ಅಂಗಿ ಹೊಲಿದಳು. ಇಮೇಸಿಯಲ್ಲಿ ಹಾಗೆ ಅಂಗಿ ಹೊಲಿದರು. ಬೇನೆಯ ಮಗುವಿಗೆ ಔಷಧ, ಬೇನೆಯಿಲ್ಲದ ಮಗುವಿಗೆ ಲಸಿಕೆ, ತಾಯಿಗೆ ಉಣಿಸುವ ಬುದ್ಧಿಮಾತು, ಇವೆಲ್ಲವೂ ಒಂದೇ ಸೂರಿನ ಕೆಳಗೆ ಒಂದೇ ದಿನ ಸಿಕ್ಕುವಂತೆ ಮಾಡಿದರು. ಆ ಹಳ್ಳಿಯಲ್ಲಿ ಚಿಕ್ಕ ಮಕ್ಕಳ ಮರಣವು ಬಹಳವಾಗಿ ತಗ್ಗಿತು. ಇಂಥ ಸಹಾಯವಿಲ್ಲದ ನೆರೆಯ ಊರೊಂದಿಗೆ ಮುಂದೆ ಹೋಲಿಸಿ ನೋಡಿದಾಗಲೂ ಇಮೇಸಿಯ ಮಕ್ಕಳೇ ಹೆಚ್ಚಾಗಿ ಬದುಕಿ ಉಳಿದಿದ್ದರು.

ಡಾಕ್ಟರ್ ಮೋರ್ಲಿಯವರು 1960ರ ನಂತರದ ವರುಷಗಳಲ್ಲಿ ಲಂಡನಿಗೆ ಹಿಂದಿರುಗಿ ಬಡ ದೇಶಗಳಿಂದ ಬಂದ ವೈದ್ಯರಿಗೂ ದಾದಿಯರಿಗೂ ಕಲಿಸಿದರು. ಅವರ ಹಳ್ಳಿಗಳಿಗೆ ಅಗ್ಗದ ಬೆಲೆಯಲ್ಲಿ ಪುಸ್ತಕಗಳನ್ನೂ ಚಿತ್ರಗಳನ್ನೂ ತಕ್ಕಡಿಗಳನ್ನೂ ಕಳುಹಿಸುವದಕ್ಕೆ 1965ರಲ್ಲಿ ಟಾಲ್ಕ್ ಎಂಬ ಧರ್ಮಸಂಸ್ಥೆಯನ್ನು ಸ್ಥಾಪಿಸಿದರು. 1982ರಲ್ಲಿ ಅರಬ್ ದೇಶದ ಕಿಂಗ್ ಫೈಸಲ್ ಬಹುಮಾನವು ಅವರಿಗೆ ಬಂತು. 2009ರಲ್ಲಿ ತೀರಿಕೊಂಡರು.

ನಮ್ಮ ಸೀಮೆಯಲ್ಲಿ 1975ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಅಂಗನವಾಡಿಯ ಕೆಲಸವು ಮೊದಲಾಯಿತು; ಇಂದು ಅಂಗನವಾಡಿ ಇಲ್ಲದ ಹಳ್ಳಿ ಅಪರೂಪ. ಅಲ್ಲಿ ಟೀಚರಮ್ಮನವರು ಮಗುವನ್ನು ತೂಗಿ ಗುರುತುಹಾಕುವ ಪಟ್ಟಿಯು ಇಮೇಸಿಯ ಪಟ್ಟಿಯ ವಂಶದ್ದೇ. ಡಾಕ್ಟರ್ ಮೋರ್ಲಿಯವರ ಪಟ್ಟಿಯಲ್ಲಿ ಒಂದು ಮೂಲೆ ಇತ್ತು. ವಿಶೇಷವಾಗಿ ಕಾಯಬೇಕಾದ ಮಗುವಾಗಿದ್ದರೆ ಅದರ ಕಾರಣವನ್ನು ಅಲ್ಲಿ ಬರೆಯುವರು: ಅವಳಿಜವಳಿಯಲ್ಲಿ ಒಂದು, ಹುಟ್ಟುವಾಗಲೇ ತೂಕ ಸಾಲದ್ದು, ತಂದೆಯೋ ತಾಯಿಯೋ ಇಲ್ಲದ್ದು, ಮುಂಚೆ ಹುಟ್ಟಿದ ಅಣ್ಣ ಅಕ್ಕಂದಿರು ತೀರಿಹೋದದ್ದು.

ಸಭೆಯ ಹಿರಿಯರು ಬರುವ ಕರ್ತನ ದಿನ ಆರಾಧನೆ ಮುಗಿದ ಮೇಲೆ, ಐದು ವರುಷದೊಳಗಿನ ಮಕ್ಕಳ ಪಟ್ಟಿಗಳನ್ನು ತರುವಂತೆ ತಾಯಂದಿರಿಗೆ ಹೇಳಲಿ. ಪಟ್ಟಿ ಇಲ್ಲದವರನ್ನು ಗದರಿಸದೆ ಆ ವಾರದಲ್ಲಿಯೇ ಅಂಗನವಾಡಿಗೆ ಕರಕೊಂಡುಹೋಗಲಿ. ಆ ಮೂಲೆಯಲ್ಲಿ ಬರೆಯತಕ್ಕ ಹೆಸರುಗಳು ನಮ್ಮ ಸಭೆಯಲ್ಲಿ ಯಾವವೆಂದು ಹಿರಿಯರಿಗೆ ಈಗಲೇ ಗೊತ್ತುಂಟು. ಆ ಮನೆಗಳವರು ಬರುವ ತನಕ ಕಾಯದೆ ತಾವೇ ಶನಿವಾರ ಸಂಜೆ ಅಲ್ಲಿಗೆ ಹೋಗಿ ಬಾಗಿಲು ತಟ್ಟಲಿ.